ಒಂದು ಮೀಟರಿಗೆ 250 ಚುಕ್ಕೆ

ಭಾಲ್ಕಿ ತಾಲ್ಲೂಕಿನ ಸಾಯಗಾಂವದಲ್ಲಿ ಒಂದು ಕಟ್ಟಡ ಏಳುತ್ತಿದೆ ಎಂದುಕೊಳ್ಳಿ. ಬಯಲಲ್ಲಿ ಕಬ್ಬಿಣದ ಸಲಾಕೆ, ಸಿಮೆಂಟ್ ಚೀಲ, ಸೆಂಟ್ರಿಂಗ್ ತಗಡು, ನೀರೆತ್ತುವ ಮೋಟರು ಬಿದ್ದಿವೆ. ಗೌಂಡಿಗಳು ಸಂಜೆ ಮನೆಗೆ ಹೋದ ಮೇಲೆ ಇವನ್ನು ಕಾಯಲು ಎತ್ತರದ ಕಂಬಕ್ಕೆ ಅಗಲನೋಟದ ಕ್ಯಾಮೆರಾ ಕಟ್ಟುತ್ತಾರೆ. ಇಡೀ ಜಾಗ ಪರದೆಯ ಮೇಲೆ ಕಾಣುತ್ತದೆ. ಕಳವಾದ ಮೇಲೆ ನೋಡಿದರೆ ಯಾರೋ ಬಂದದ್ದು ಗೊತ್ತಾಗುತ್ತದೆ, ಬಂದವರು ಯಾರೆಂದು ಗೊತ್ತಾಗುವುದಿಲ್ಲ.

ಕಾರಣ ಲೆಕ್ಕದಲ್ಲಿದೆ. ಚಿತ್ರ ಪಿಕ್ಸೆಲ್ ಎಂಬ ಚುಕ್ಕೆಗಳಿಂದ ಆದದ್ದು. ಐಇಸಿ 62676-4 ಎಂಬ ಅಂತರರಾಷ್ಟ್ರೀಯ ಮಾನದಂಡದ 2014ರ ಆವೃತ್ತಿಯಂತೆ, ಮನುಷ್ಯನಿದ್ದಾನೆ ಎಂದು ತಿಳಿಯಲು ಮೀಟರ್ ಅಗಲಕ್ಕೆ 25 ಪಿಕ್ಸೆಲ್ ಸಾಕು. ಮೊದಲೇ ಕಂಡವನೆಂದು ಗುರುತಿಸಲು 125, ಅಪರಿಚಿತನ ಗುರುತನ್ನು ಖಚಿತಪಡಿಸಲು 250 ಬೇಕು. ಎರಡು ಮೆಗಾಪಿಕ್ಸೆಲ್ ಚಿತ್ರದ ಅಗಲ 1920 ಪಿಕ್ಸೆಲ್. ಅದನ್ನು 250ರಿಂದ ಭಾಗಿಸಿದರೆ ಸುಮಾರು 7.7 ಮೀಟರ್. ನೋಟ ಅದಕ್ಕಿಂತ ಹಿಗ್ಗಿದರೆ ಮುಖ ಮಸುಕಾಗುತ್ತದೆ. ನೂರು ಡಿಗ್ರಿ ನೋಟದ ಕ್ಯಾಮೆರಾ ಮೂರು ಮೀಟರ್ ಚಿಲ್ಲರೆ ದೂರದಲ್ಲೇ ಆ ಮಿತಿ ಮುಟ್ಟುತ್ತದೆ. ಆದ್ದರಿಂದ ಅಗಲನೋಟದ್ದು ಬಯಲಿಗೆ, ಕಿರುನೋಟದ್ದು ಗೇಟಿಗೆ.

ಎತ್ತರವೂ ಮುಖ್ಯ. ನಾಲ್ಕು ಮೀಟರ್ ಮೇಲಿನ ಕ್ಯಾಮೆರಾಕ್ಕೆ ಒಂಬತ್ತು ಮೀಟರ್ ದೂರದವನ ಮುಖ ಸುಮಾರು 15 ಡಿಗ್ರಿ ಓರೆಯಲ್ಲಿ ಚೆನ್ನಾಗಿ ಕಾಣುತ್ತದೆ. ಮೂರು ಮೀಟರ್ ಹತ್ತಿರ ಬಂದರೆ ಕಾಣುವುದು ಅವನ ಟೋಪಿ. ಕಂಬದ ಬುಡವಂತೂ ಪೂರ್ತಿ ಮರೆ.

ಈ ತೊಡಕನ್ನು ಬೀದರ ಕೋಟೆ ಕಟ್ಟಿದವರು 15ನೇ ಶತಮಾನದಲ್ಲೇ ಬಿಡಿಸಿದ್ದರು. ಗೋಡೆಯ ಮೇಲೆ ನಿಂತ ಕಾವಲುಗಾರನಿಗೆ ಅದರ ಬುಡ ಕಾಣದು. ಗೋಡೆಯಿಂದ ಹೊರಚಾಚಿದ ಬುರುಜಿನಲ್ಲಿ ನಿಂತವನಿಗೆ ಪಕ್ಕದ ಗೋಡೆಯ ಬುಡವೂ ಮುಂದಿನ ಬುರುಜಿನ ಬುಡವೂ ಕಾಣುತ್ತವೆ. ಕ್ಯಾಮೆರಾಗಳನ್ನೂ ಹಾಗೆಯೇ, ಒಂದರ ಬುಡವನ್ನು ಇನ್ನೊಂದು ನೋಡುವಂತೆ ಎದುರುಬದುರು ಮೂಲೆಗಳಲ್ಲಿ ಕಟ್ಟಬೇಕು.

ಕೋಟೆಗಿಲ್ಲದ ಇನ್ನೊಂದು ಕಷ್ಟ ಕಾಮಗಾರಿಗಿದೆ: ಅಲ್ಲಿ ಮರೆಗಳು ದಿನದಿನಕ್ಕೆ ಬೆಳೆಯುತ್ತವೆ. 2021ರ ಜನವರಿಯಲ್ಲಿ ಅಡಿಗಲ್ಲು ಬಿದ್ದ ಬಸವಕಲ್ಯಾಣದ ನೂತನ ಅನುಭವ ಮಂಟಪದ ಯೋಜನೆಯಲ್ಲಿ ಶರಣರ ನೆನಪಿಗೆ 770 ಕಂಬಗಳಿವೆ. ಅಂಥ ನೆಲ ಬಯಲಾಗಿದ್ದಾಗ ಒಂದೇ ಕ್ಯಾಮೆರಾಕ್ಕೆ ಕಾಣುತ್ತದೆ, ಕಂಬಗಳೆದ್ದ ಮೇಲೆ ಪ್ರತಿ ಕಂಬದ ಹಿಂದೆಯೂ ಒಂದು ಮರೆ. ಆದ್ದರಿಂದ ಪಾಯ, ಕಂಬ, ಸ್ಲ್ಯಾಬ್ ಎಂದು ಪ್ರತಿ ಹಂತಕ್ಕೂ ಬೇರೆ ನಕ್ಷೆ ಬೇಕು.

ಬಿಸಿಲನ್ನೂ ಎಣಿಸಬೇಕು. ಸುಮಾರು 18 ಡಿಗ್ರಿ ಉತ್ತರ ಅಕ್ಷಾಂಶದ ಈ ಸೀಮೆಯಲ್ಲಿ ವರ್ಷದ ಬಹುಪಾಲು ನಡುಹಗಲ ಸೂರ್ಯ ದಕ್ಷಿಣಕ್ಕಿರುತ್ತಾನೆ. ಹಾಗಾಗಿ ಉತ್ತರಕ್ಕೆ ಮುಖಮಾಡಿದ ಕ್ಯಾಮೆರಾಕ್ಕೆ ಬೆಳಕು ಬೆನ್ನ ಹಿಂದಿನಿಂದ ಬೀಳುತ್ತದೆ. ಪೂರ್ವ, ಪಶ್ಚಿಮಕ್ಕೆ ತಿರುಗಿಸಿದರೆ ಬೆಳಗು, ಸಂಜೆಯ ಬಿಸಿಲು ಕಣ್ಣಿಗೇ ಹೊಡೆಯುತ್ತದೆ.

ಕಡೆಗೆ, ನೋಡಬಾರದ ಜಾಗಗಳೂ ನಕ್ಷೆಯಲ್ಲಿರಲಿ. ಕೂಲಿಕಾರರು ಉಣ್ಣುವ, ಮಲಗುವ ಶೆಡ್ಡು, ಮೈತೊಳೆಯುವ ಮರೆ, ಪಕ್ಕದ ಮನೆಯ ಅಂಗಳ ನೋಟದಿಂದ ಹೊರಗಿರಬೇಕು. ಕ್ಯಾಮೆರಾ ಇದೆಯೆಂಬ ಫಲಕ ಎಲ್ಲರೂ ಓದುವಂತಿರಬೇಕು. ಸಲಾಕೆ ಕಾಯುವ ಕಣ್ಣು ಅದನ್ನು ಹೊತ್ತವರ ಮಾನವನ್ನೂ ಕಾಯಬೇಕು.