ಅರ್ಧ ಶತಮಾನದ ಪರೀಕ್ಷೆ

ಹೃದ್ರೋಗಿಯು ವೈದ್ಯರ ಬಳಿಗೆ ಬರುವುದು ರೋಗವು ಬೇರೂರಿದ ಮೇಲೆ. ಅದರ ಬೀಜ ಬಿದ್ದದ್ದು ಯಾವಾಗ, ಆಗ ತನ್ನ ನಿದ್ರೆ, ನಡೆವಳಿಕೆ, ಅಭ್ಯಾಸಗಳು ಹೇಗಿದ್ದವು ಎಂಬುದು ಅವನಿಗೇ ಸರಿಯಾಗಿ ನೆನಪಿರುವುದಿಲ್ಲ. ಈ ತೊಡಕನ್ನು ಬಿಡಿಸಲು ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಡಾ. ಕ್ಯಾರೊಲಿನ್ ಬೆಡೆಲ್ ಥಾಮಸ್ ಎಂಬ ವೈದ್ಯೆ ೧೯೪೦ರ ದಶಕದ ಕೊನೆಯಲ್ಲಿ ಹೊಸದೊಂದು ಹಾದಿಯನ್ನು ಹಿಡಿದರು. ರೋಗಿಗಳನ್ನು ಬಿಟ್ಟು, ಆರೋಗ್ಯವಂತರಾದ ವೈದ್ಯಕೀಯ ವಿದ್ಯಾರ್ಥಿಗಳನ್ನೇ ಅವರು ಪರೀಕ್ಷಿಸತೊಡಗಿದರು.

ಈ ಆಯ್ಕೆ ಜಾಣತನದ್ದು. ವೈದ್ಯರಾದವರು ಯಾವ ಊರಿನಲ್ಲಿ ನೆಲೆಸಿದರೂ ಅವರನ್ನು ಹುಡುಕುವುದು ಸುಲಭ. ತಮಗೆ ಬಂದ ಕಾಯಿಲೆ ಇಂಥದೆಂದು ಅವರು ತಿಳಿದು ಬರೆಯಬಲ್ಲರು. ೧೯೪೮ರಿಂದ ೧೯೬೪ರವರೆಗಿನ ತಂಡಗಳ ೧,೩೩೭ ವಿದ್ಯಾರ್ಥಿಗಳು ಇದರಲ್ಲಿ ಪಾಲ್ಗೊಂಡರು. ಅವರ ತೂಕ, ರಕ್ತದೊತ್ತಡ, ರಕ್ತದಲ್ಲಿ ಕೊಲೆಸ್ಟ್ರಾಲ್ ಎಂಬ ಕೊಬ್ಬಿನಂಥ ವಸ್ತುವಿನ ಪ್ರಮಾಣ ಇವುಗಳನ್ನು ಅಳೆದರು. ಕೈಯನ್ನು ಮಂಜುಗಡ್ಡೆಯ ನೀರಿನಲ್ಲಿ ಅದ್ದಿಸಿ, ಆಗ ರಕ್ತದೊತ್ತಡವು ಎಷ್ಟು ಏರುವುದೆಂದು ನೋಡಿದರು. ಧೂಮಪಾನ ಉಂಟೆ, ದಿನಕ್ಕೆ ಕಾಫಿ ಎಷ್ಟು, ನಿದ್ರೆ ಚೆನ್ನಾಗಿ ಬರುವುದೆ, ಮನಸ್ಸು ಕಳವಳಗೊಂಡಾಗ ಸಿಟ್ಟು ಏಳುವುದೆ ಎಂದು ಕೇಳಿ ಬರೆದಿಟ್ಟರು. ವ್ಯಾಸಂಗ ಮುಗಿಸಿ ಚದುರಿಹೋದ ಮೇಲೂ ಪ್ರಶ್ನಾವಳಿಗಳು ಅಂಚೆಯ ಮೂಲಕ ಅವರನ್ನು ಹಿಂಬಾಲಿಸಿದವು.

ಉತ್ತರ ದೊರೆಯಲು ದಶಕಗಳೇ ಬೇಕಾದವು. ಸುಮಾರು ೨೨ನೆಯ ವಯಸ್ಸಿನಲ್ಲಿ ಕೊಲೆಸ್ಟ್ರಾಲ್ ಹೆಚ್ಚಾಗಿದ್ದವರಿಗೆ ನಡುವಯಸ್ಸಿನಲ್ಲಿ ಹೃದ್ರೋಗ ಬರುವ ಸಂಭವವೂ ಹೆಚ್ಚೆಂದು ೧೯೯೩ರಲ್ಲಿ ಪ್ರಕಟವಾಯಿತು. ವಿದ್ಯಾರ್ಥಿದೆಸೆಯಲ್ಲಿ ನಿದ್ರಾಹೀನತೆಯಿಂದ ಬಳಲಿದವರು ಮುಂದೆ ಖಿನ್ನತೆಗೆ ಒಳಗಾಗುವ ಸಂಭವ ಉಳಿದವರಿಗಿಂತ ಇಮ್ಮಡಿಯೆಂದು ೧೯೯೭ರಲ್ಲಿ ತಿಳಿದುಬಂತು. ಓದಿಗಾಗಿ ಬೇಕೆಂದೇ ಎಚ್ಚರವಾಗಿರುವುದು ಬೇರೆ, ಮಲಗಿದರೂ ನಿದ್ರೆ ಬಾರದಿರುವುದು ಬೇರೆ. ಇಲ್ಲಿ ಹೇಳಿರುವುದು ಎರಡನೆಯದನ್ನು ಕುರಿತು. ಒತ್ತಡದಲ್ಲಿ ಅತಿಯಾಗಿ ಸಿಟ್ಟಿಗೇಳುತ್ತಿದ್ದವರಿಗೆ ೫೫ ತುಂಬುವ ಮೊದಲೇ ಹೃದಯ, ರಕ್ತನಾಳಗಳ ರೋಗ ತಗಲುವ ಸಂಭವ ಸುಮಾರು ಮೂರು ಪಟ್ಟು ಹೆಚ್ಚೆಂಬುದು ೨೦೦೨ರಲ್ಲಿ ಬೆಳಕಿಗೆ ಬಂತು.

ಸಂಭವವೆಂದರೆ ವಿಧಿಲಿಖಿತವಲ್ಲ. ಸಿಟ್ಟಿನ ಸ್ವಭಾವದ ಎಷ್ಟೋ ಮಂದಿ ಆರೋಗ್ಯವಾಗಿಯೇ ಬಾಳಿದರು. ಕಾಫಿಯ ವಿಷಯವಂತೂ ಇನ್ನೂ ಜಟಿಲ. ಬಹಳ ಕಾಫಿ ಕುಡಿಯುವವರಲ್ಲಿ ಧೂಮಪಾನಿಗಳೂ ಹೆಚ್ಚಾಗಿರುತ್ತಿದ್ದುದರಿಂದ, ಒಂದರ ದೋಷವನ್ನು ಇನ್ನೊಂದರ ತಲೆಗೆ ಕಟ್ಟದಂತೆ ಲೆಕ್ಕ ಹಾಕಬೇಕಾಗಿತ್ತು. ಅಲ್ಲದೆ ಪಾಲ್ಗೊಂಡವರಲ್ಲಿ ಬಹುತೇಕರು ಬಿಳಿಯ ಪುರುಷರು. ಅವರಿಂದ ತಿಳಿದದ್ದನ್ನು ಎಲ್ಲ ನಾಡಿನ ಸ್ತ್ರೀಪುರುಷರಿಗೂ ಹಾಗೆಯೇ ಅನ್ವಯಿಸುವುದು ಸರಿಯಲ್ಲ.

ಥಾಮಸ್ ಅವರು ೧೯೯೭ರಲ್ಲಿ ತೀರಿಕೊಂಡರು. ಸಿಟ್ಟನ್ನು ಕುರಿತು ಅವರು ಕೇಳಿದ್ದ ಪ್ರಶ್ನೆಯ ಉತ್ತರ ಹೊರಬಿದ್ದದ್ದು ಅದಾದ ಐದು ವರ್ಷಗಳ ಮೇಲೆ.