ಮಳೆ ಬಂದರೂ ಇಳಿಯದ ಬೇಗೆ

ಕೃಷ್ಣಾ ತೀರದಲ್ಲಿ ಮುಂಗಾರು ಇಳಿದರೆ ದನಗಳ ಬೇಸಿಗೆ ಮುಗಿಯಿತೆಂದೇ ಎಲ್ಲರ ನಂಬಿಕೆ. ಲೆಕ್ಕ ಬೇರೆಯೇ ಹೇಳುತ್ತದೆ. ಉಷ್ಣಾಂಶ, ತೇವಾಂಶ ಎರಡನ್ನೂ ಕೂಡಿಸಿ ಅಳೆಯುವ ಸೂಚ್ಯಂಕವೊಂದಿದೆ. ಅದು 72 ದಾಟಿದರೆ ಕರೆಯುವ ಆಕಳಿಗೆ ಸಂಕಟ, ಹೆಚ್ಚು ಹಾಲಿನ ವಿದೇಶಿ ತಳಿ ಎಚ್‌ಎಫ್‌ಗೆ 68ರಲ್ಲೇ ಶುರು. ಅಥಣಿಯಲ್ಲಿ 38 ಡಿಗ್ರಿ ಬಿಸಿಲು, ಶೇ 20 ತೇವಾಂಶವಿರುವ ಮೇ ಮಧ್ಯಾಹ್ನ ಸೂಚ್ಯಂಕ ಸುಮಾರು 82. ನಿಪ್ಪಾಣಿಯಲ್ಲಿ 30 ಡಿಗ್ರಿ, ಶೇ 80 ತೇವಾಂಶವಿರುವ ಜೂನ್ ದಿನ ಅದು 83ರ ಹತ್ತಿರ! ಮೋಡ ಮುಸುಕಿದ್ದರಿಂದ ನಮಗೆ ತಂಪೆನಿಸಬಹುದು, ಆಕಳು ಮಾತ್ರ ತೇಕುತ್ತಲೇ ಇರುತ್ತದೆ.

ಆಕಳು ನಮ್ಮಷ್ಟು ಬೆವರುವುದಿಲ್ಲ. ಬೆವರಿದ್ದೂ ಹಸಿ ಗಾಳಿಯಲ್ಲಿ ಆರುವುದಿಲ್ಲ. ಹೊಟ್ಟೆಯಲ್ಲಿ ಮೇವು ಹುದುಗುವಾಗ ಹುಟ್ಟುವ ಕಾವು ಬೇರೆ. ಆ ಕಾವು ತಗ್ಗಿಸಲೆಂದೇ ಅದು ಮೇವು ಬಿಡುತ್ತದೆ. ಹಾಲು ಇಳಿಯುವುದು ಒಂದೆರಡು ದಿನ ತಡವಾಗಿ. ಆಗ ಬೈಗುಳ ಹಿಂಡಿಗೆ, ಮೇವಿಗೆ. ಫ್ಯಾಟ್ ಕುಸಿದರೆ ಡೇರಿಯಲ್ಲಿ ದರಕ್ಕೂ ಕತ್ತರಿ. ಬೆದೆ ಕಣ್ಣಿಗೆ ಬೀಳದೆ, ಗಬ್ಬ ನಿಲ್ಲದೆ ತಿಂಗಳುಗಳು ಕಳೆಯುವುದು ಇನ್ನೂ ದೊಡ್ಡ ನಷ್ಟ.

ಚಿಕ್ಕೋಡಿ, ರಾಯಬಾಗ, ಕಾಗವಾಡದ ತೋಟದ ಮನೆಗಳಲ್ಲಿ ಈ ಸೆಕೆಗೆ ಕಬ್ಬೂ ಸೇರುತ್ತದೆ. ಆಳೆತ್ತರ ಮೀರಿದ ಕಬ್ಬು ಹಿತ್ತಿಲವರೆಗೂ ಬಂದು ಗಾಳಿ ತಡೆಯುತ್ತದೆ. ನೀರು ಹಾಯಿಸಿದ ಹೊಲ ಹಸಿ ಹೆಚ್ಚಿಸುತ್ತದೆ. ಮೇಲೆ ಕಾದ ತಗಡಿನ ಪತ್ರಾಸ್. ಕೊಟ್ಟಿಗೆಯ ಗಾಳಿ ಬರುವ ದಿಕ್ಕಿನಲ್ಲಿ ನಾಲ್ಕು ಸಾಲು ಕಬ್ಬು ಬಿಟ್ಟುಕೊಡುವುದು ದುಬಾರಿ ಔಷಧಕ್ಕಿಂತ ಲಾಭದ್ದು ಎಂಬುದು ನನ್ನ ಖಚಿತ ಅಭಿಪ್ರಾಯ.

ತಳಿಯನ್ನೇ ಬದಲಿಸೋಣವೆಂದರೆ, ಚಿಂಚಲಿ ಮಾಯಕ್ಕನ ಜಾತ್ರೆಗೆ ಗಾಡಿ ಎಳೆಯುವ ಖಿಲಾರಿ ಈ ಬಿಸಿಲಿಗೇ ಹುಟ್ಟಿದ ತಳಿ. ಆದರೆ ಹಾಲು ಕಡಿಮೆ. ಗಡಿಭಾಗದ ಪಂಢರಪುರಿ ಎಮ್ಮೆ ಈ ನೆಲಕ್ಕೆ ಹೊಂದಿಕೊಂಡಿದ್ದರೂ ಕಪ್ಪು ಚರ್ಮ, ವಿರಳ ಬೆವರುಗ್ರಂಥಿಗಳ ಕಾರಣ ಅದಕ್ಕೆ ನೀರು, ನೆರಳು ಬೇಕೇ ಬೇಕು.

ಕೊಟ್ಟಿಗೆ ತಂಪಾಗಿರಲು ಪತ್ರಾಸ್ ಮೇಲೆ ಸುಣ್ಣ ಬಳಿದು ಕಣಕಿಯನ್ನೋ ಕಬ್ಬಿನ ರವದಿಯನ್ನೋ ಹೊದಿಸಬಹುದು. ಹೊಟ್ಟೆತುಂಬ ಮೇವು ರಾತ್ರಿಯ ತಂಪಿನಲ್ಲಿ ಹಾಕಬೇಕು, ನೀರು ಸದಾ ಮುಂದಿರಬೇಕು. ಮೈಮೇಲೆ ನೀರು ಸಿಂಪಡಿಸುವಾಗ ಎಚ್ಚರ: ಫ್ಯಾನ್ ಇಲ್ಲದೆ ಬರೀ ನೀರು ಚಿಮುಕಿಸಿದರೆ ಮುಚ್ಚಿದ ಕೊಟ್ಟಿಗೆಯ ಹಸಿ ಏರಿ ಸೆಕೆ ಇಮ್ಮಡಿಯಾಗುತ್ತದೆ.

ಇಷ್ಟೆಲ್ಲ ಆರೈಕೆಯೂ ಹಾಲು ಕೊಡುವ ಆಕಳಿಗೇ ಸಲ್ಲುತ್ತದೆ. ಹಾಲು ಬತ್ತಿಸಿದ ತುಂಬುಗಬ್ಬದ್ದನ್ನು ಬಿಸಿಲ ಮೂಲೆಗೆ ಕಟ್ಟುವುದು ರೂಢಿ. ಕೊನೆಯ ಎರಡು ತಿಂಗಳಲ್ಲಿ ಅದು ಬೆಂದರೆ ಮುಂದಿನ ಸೂಲಿನ ಹಾಲು ಕಡಿಮೆ, ಕರುವಿನ ತೂಕ ಕಡಿಮೆ. ಆ ಹೆಣ್ಣುಗರು ಬೆಳೆದು ಈದಾಗಲೂ ಹಾಲು ಕಡಿಮೆಯೇ. ಬೇವಿನ ನೆರಳು ಮೊದಲು ಅದಕ್ಕೆ ಸಿಗಲಿ.