ಕಾಕಸ್ ಸಭೆ ಮತ್ತು ಪ್ರತಿನಿಧಿಗಳ ಆಯ್ಕೆ: ಅಯೋವಾ ಪದ್ಧತಿಯ ವಿವೇಚನೆ

ಅಮೆರಿಕ ಸಂಯುಕ್ತ ಸಂಸ್ಥಾನದ ಅಧ್ಯಕ್ಷ ಪದವಿಗೆ ಪಕ್ಷಗಳು ತಮ್ಮ ಅಭ್ಯರ್ಥಿಯನ್ನು ಹೇಗೆ ಆರಿಸಬೇಕು ಎಂಬ ಬಗೆಗೆ ಆ ದೇಶದ ಸಂವಿಧಾನ ಏನನ್ನೂ ಹೇಳುವುದಿಲ್ಲ. ಪಕ್ಷವೆಂಬ ಸಂಸ್ಥೆಯ ಪ್ರಸ್ತಾಪವೇ ಅದರಲ್ಲಿಲ್ಲ. ಆದ್ದರಿಂದ ಈ ಆಯ್ಕೆಯ ವಿಧಾನ ಪಕ್ಷದ ನಿಯಮ, ರಾಜ್ಯದ ಕಾನೂನು ಮತ್ತು ರೂಢಿ ಈ ಮೂರರ ನಡುವೆ ಬೆಳೆದುಬಂದಿದೆ. ಇಂದು ಬಹುತೇಕ ರಾಜ್ಯಗಳಲ್ಲಿ ನಡೆಯುವುದು ಪ್ರೈಮರಿ. ಅದು ಸಾಮಾನ್ಯವಾಗಿ ರಾಜ್ಯ ಸರ್ಕಾರದ ಯಂತ್ರಾಂಗವೇ ನಡೆಸಿಕೊಡುವ, ಗುಪ್ತ ಮತದಾನದ ಚುನಾವಣೆ. ಕಾಕಸ್ ಅದಕ್ಕಿಂತ ಹಳೆಯದು. ಪಕ್ಷ ತಾನೇ ಕರೆಯುವ, ತಾನೇ ನಡೆಸುವ ಸ್ಥಳೀಯ ಸಭೆ. ಮೇಲುನೋಟಕ್ಕೆ ಎರಡರ ಫಲವೂ ಒಂದೇ, ಅಂದರೆ ಯಾರಿಗೆ ಎಷ್ಟು ಬೆಂಬಲ ಎಂಬ ಲೆಕ್ಕ. ಆದರೆ ಕಾಕಸ್ ಸಭೆಯಲ್ಲಿ ಆರಿಸಲ್ಪಡುವವನು ಅಭ್ಯರ್ಥಿಯಲ್ಲ, ಪ್ರತಿನಿಧಿ. ಈ ಒಂದು ವ್ಯತ್ಯಾಸವನ್ನು ಬಿಟ್ಟರೆ ಆ ಪದ್ಧತಿಯ ಗೊಂದಲಗಳಾಗಲಿ ಅದರ ಬಗೆಗಿನ ಜಗಳಗಳಾಗಲಿ ಅರ್ಥವಾಗುವುದಿಲ್ಲ.

ಮೊದಲು ಪದದ ವಿಚಾರ. ‘ಕಾಕಸ್’ ಪದದ ಮೂಲದ ಬಗೆಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಮೂಲನಿವಾಸಿಗಳ ಆಲ್ಗಾಂಕ್ವಿಯನ್ ಭಾಷೆಯೊಂದರಿಂದ ಬಂದಿರಬಹುದೆಂಬ ಊಹೆಯಿದೆ. ಬಾಸ್ಟನ್ನಿನ ಜಾನ್ ಆಡಮ್ಸ್ 1763ರ ಫೆಬ್ರವರಿಯ ದಿನಚರಿಯಲ್ಲಿ, ಊರಿನ ಅಧಿಕಾರ ಸ್ಥಾನಗಳಿಗೆ ಯಾರನ್ನು ತರಬೇಕೆಂದು ಮನೆಯೊಂದರ ಅಟ್ಟದಲ್ಲಿ ಕುಳಿತು ಮೊದಲೇ ನಿರ್ಧರಿಸುತ್ತಿದ್ದ ಗುಂಪಿಗೆ ಈ ಹೆಸರನ್ನು ಬಳಸಿರುವುದು ಮಾತ್ರ ಖಚಿತ. ಭಾರತದ ರಾಜಕೀಯ ಬರಹಗಳಲ್ಲಿ, ಅದರಲ್ಲೂ 1975-77ರ ತುರ್ತುಪರಿಸ್ಥಿತಿಯನ್ನು ಕುರಿತ ಬರಹಗಳಲ್ಲಿ, ಇದೇ ಪದ ನಾಯಕರ ಸುತ್ತ ನೆರೆದ ಕೂಟ ಎಂಬ ನಿಂದೆಯ ಅರ್ಥದಲ್ಲಿ ಬಳಕೆಯಾಯಿತು. ಅಟ್ಟದ ಮೇಲಿನ ಆ ಕೂಟವನ್ನು ನೆನೆದರೆ ಭಾರತೀಯ ಬಳಕೆಯೇ ಮೂಲಾರ್ಥಕ್ಕೆ ಹತ್ತಿರವೆನ್ನಬೇಕು! ಅಯೋವಾದ ಕಾಕಸ್ ಇದಕ್ಕೆ ಪೂರ್ತಿ ವಿರುದ್ಧವಾದುದು. ಅಲ್ಲಿ ಬಾಗಿಲು ತೆರೆದಿರುತ್ತದೆ. ಪಕ್ಷದ ಮತದಾರನೆಂದು ನೋಂದಾಯಿಸಿಕೊಂಡ ಯಾರೂ ಒಳಗೆ ಬರಬಹುದು, ಬಾಗಿಲಲ್ಲೇ ನೋಂದಾಯಿಸಿಕೊಳ್ಳಲೂಬಹುದು. ಸರ್ಕಾರದ ಮತದಾರರ ಪಟ್ಟಿಯಲ್ಲಿಯೇ ಪಕ್ಷದ ಹೆಸರು ನಮೂದಾಗುವ ಈ ಏರ್ಪಾಡಿಗೆ ಸಮಾನವಾದುದು ಭಾರತದಲ್ಲಿ ಇಲ್ಲ.

ಗುಪ್ತಕೂಟದಿಂದ ಬಯಲಸಭೆಗೆ ಬಂದ ದಾರಿ ದೀರ್ಘವಾದುದು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕಾಂಗ್ರೆಸ್ಸಿನ ಸದಸ್ಯರೇ ಸೇರಿ ಅಭ್ಯರ್ಥಿಯನ್ನು ನಿರ್ಧರಿಸುತ್ತಿದ್ದರು. 1824ರಲ್ಲಿ ಅಂತಹ ಸಭೆಗೆ ಸದಸ್ಯರಲ್ಲಿ ಅಲ್ಪಸಂಖ್ಯಾತರಷ್ಟೇ ಬಂದು ವಿಲಿಯಂ ಕ್ರಾಫರ್ಡ್‌ರನ್ನು ಹೆಸರಿಸಿದರು. ಅವರು ಸೋತರು, ಆ ಪದ್ಧತಿಯೂ ಅಲ್ಲಿಗೆ ಮುಗಿಯಿತು. 1831ರಿಂದ ರಾಷ್ಟ್ರೀಯ ಸಮಾವೇಶಗಳು ಬಂದವು. ಸಮಾವೇಶಕ್ಕೆ ಪ್ರತಿನಿಧಿಗಳನ್ನು ಕಳುಹಿಸುವ ಕೆಲಸ ಸ್ಥಳೀಯ ಸಭೆಗಳಿಗೆ ಬಂದರೂ ಅಧಿಕಾರ ಬಹುಕಾಲ ಪಕ್ಷದ ಯಜಮಾನರ ಕೈಯಲ್ಲೇ ಉಳಿಯಿತು. 1968ರಲ್ಲಿ ಹ್ಯೂಬರ್ಟ್ ಹಂಫ್ರಿ ಪ್ರೈಮರಿಗಳಲ್ಲಿ ಸ್ಪರ್ಧಿಸದೆಯೇ ಡೆಮಾಕ್ರಟಿಕ್ ಅಭ್ಯರ್ಥಿಯಾದರು. ಷಿಕಾಗೊ ಸಮಾವೇಶದ ಒಳಗಿನ ಕಲಹ, ಹೊರಗಿನ ಬೀದಿಗಳಲ್ಲಿ ಪೊಲೀಸರ ಲಾಠಿ, ಇವುಗಳ ನಂತರ ಪಕ್ಷ ಮ್ಯಾಕ್‌ಗವರ್ನ್-ಫ್ರೇಸರ್ ಆಯೋಗವನ್ನು ನೇಮಿಸಿತು. ಪ್ರತಿನಿಧಿಗಳ ಆಯ್ಕೆ ಚುನಾವಣೆಯ ವರ್ಷದಲ್ಲೇ, ಮೊದಲೇ ಪ್ರಕಟಿಸಿದ ನಿಯಮಗಳಂತೆ, ಮುಕ್ತವಾಗಿ ನಡೆಯಬೇಕೆಂದು ಆಯೋಗ ವಿಧಿಸಿತು. ಅಯೋವಾದಲ್ಲಿ ಸಭೆಗಳ ನಾಲ್ಕು ಹಂತಗಳಿದ್ದವು. ಹಂತಹಂತಕ್ಕೂ ಕಾಲಾವಕಾಶ ಬೇಕಾಗಿದ್ದರಿಂದ 1972ರಲ್ಲಿ ಮೊದಲ ಹಂತವನ್ನು ಜನವರಿ 24ಕ್ಕೆ ಹಿಂದೂಡಬೇಕಾಯಿತು. ಹೀಗೆ ದೇಶಕ್ಕೇ ಮೊದಲಿಗರಾಗುವ ಪಟ್ಟ ಆ ರಾಜ್ಯಕ್ಕೆ ಕ್ಯಾಲೆಂಡರಿನ ಲೆಕ್ಕಾಚಾರದಿಂದ ದೊರಕಿತು. 1976ರಲ್ಲಿ ಜಿಮ್ಮಿ ಕಾರ್ಟರ್ ಅಲ್ಲಿ ಶೇಕಡಾ 27ರಷ್ಟು ಬೆಂಬಲ ಪಡೆದು, ‘ಯಾರಿಗೂ ಬದ್ಧರಲ್ಲದವರ’ ಗುಂಪಿಗಿಂತ ಹಿಂದೆ ಉಳಿದರೂ, ಮುಂಚೂಣಿಯ ಅಭ್ಯರ್ಥಿ ಎನಿಸಿಕೊಂಡರು. ಅಂದಿನಿಂದ ಪತ್ರಕರ್ತರ ದಂಡು ಚಳಿಗಾಲದಲ್ಲಿ ಅಯೋವಾಕ್ಕೆ ಹೋಗುವುದು ವಾಡಿಕೆಯಾಯಿತು.

ಆ ನಾಲ್ಕು ಹಂತಗಳೆಂದರೆ: ಮತಗಟ್ಟೆ ವಲಯದ ಸಭೆ, ಕೌಂಟಿ ಸಮಾವೇಶ, ಕಾಂಗ್ರೆಸ್ ಕ್ಷೇತ್ರದ ಸಮಾವೇಶ, ರಾಜ್ಯ ಸಮಾವೇಶ. ರಾಜ್ಯದಲ್ಲಿ 99 ಕೌಂಟಿಗಳೂ ಸುಮಾರು 1,700 ವಲಯಗಳೂ ಇವೆ. 2020ರಲ್ಲಿ ಡೆಮಾಕ್ರಟಿಕ್ ಪಕ್ಷದ ವಲಯ ಸಭೆಗಳು ಕೌಂಟಿ ಸಮಾವೇಶಗಳಿಗೆ ಸುಮಾರು 11,000 ಪ್ರತಿನಿಧಿಗಳನ್ನು ಆರಿಸಬೇಕಿತ್ತು. ಅವರು ಮುಂದಿನ ಹಂತಗಳಿಗೆ ಸುಮಾರು 2,100 ಮಂದಿಯನ್ನು ಕಳುಹಿಸಬೇಕಿತ್ತು. ಕೊನೆಗೆ ರಾಷ್ಟ್ರೀಯ ಸಮಾವೇಶದಲ್ಲಿ ಅಭ್ಯರ್ಥಿಗಳಿಗೆ ಹಂಚಿಕೆಯಾಗುವ ಸ್ಥಾನಗಳು 41 ಮಾತ್ರ. ಚಳಿಗಾಲದ ಒಂದು ರಾತ್ರಿ ಶಾಲೆಯ ವ್ಯಾಯಾಮಶಾಲೆಯಲ್ಲಿಯೋ ಚರ್ಚಿನ ನೆಲಮಾಳಿಗೆಯಲ್ಲಿಯೋ ಆರಂಭವಾದ ಕೆಲಸ ಮುಗಿಯುವುದು ಬೇಸಗೆಯಲ್ಲಿ.

ಡೆಮಾಕ್ರಟಿಕ್ ಪಕ್ಷದ ಸಭೆಯ ಹಳೆಯ ಕ್ರಮವನ್ನು, ಅಂದರೆ 2020ರವರೆಗೆ ನಡೆದುಬಂದದ್ದನ್ನು, ಸ್ವಲ್ಪ ವಿವರವಾಗಿ ನೋಡಬೇಕು. ಸಂಜೆ ಏಳು ಗಂಟೆಗೆ ಬಾಗಿಲಲ್ಲಿ ಹೆಸರು ಬರೆಸಿಕೊಂಡವರನ್ನು ಎಣಿಸುತ್ತಾರೆ. ಈ ಹಾಜರಿಯೇ ಮುಂದಿನ ಎಲ್ಲ ಲೆಕ್ಕಕ್ಕೂ ಬುನಾದಿ. ಅನಂತರ ಒಬ್ಬೊಬ್ಬ ಅಭ್ಯರ್ಥಿಯ ಬೆಂಬಲಿಗರು ಕೊಠಡಿಯ ಒಂದೊಂದು ಮೂಲೆಗೆ ಹೋಗಿ ನಿಲ್ಲುತ್ತಾರೆ. ಗುಂಪು ನಿಂತದ್ದೇ ಮತ. ನೆರೆಯವರು, ಅಂಗಡಿಯ ಯಜಮಾನರು, ಮಕ್ಕಳ ಶಿಕ್ಷಕರು ಎಲ್ಲರ ಕಣ್ಣೆದುರಿಗೆ. ನಾಲ್ಕು ಅಥವಾ ಹೆಚ್ಚು ಪ್ರತಿನಿಧಿಗಳನ್ನು ಆರಿಸುವ ವಲಯದಲ್ಲಿ ಗುಂಪು ಉಳಿಯಬೇಕಾದರೆ ಹಾಜರಾದವರಲ್ಲಿ ಶೇಕಡಾ 15ರಷ್ಟಾದರೂ ಅದರಲ್ಲಿರಬೇಕು. ಅಷ್ಟು ಸಂಖ್ಯೆ ಇಲ್ಲದ ಗುಂಪಿನವರು ಬೇರೆ ಗುಂಪನ್ನು ಸೇರಬೇಕು, ತಮ್ಮಂತಹ ಇನ್ನೊಂದು ಸಣ್ಣ ಗುಂಪಿನೊಡನೆ ಕೂಡಿಕೊಳ್ಳಬೇಕು, ಇಲ್ಲವೆ ಮನೆಗೆ ಹೋಗಬೇಕು. ಮರುಜೋಡಣೆಯ ಈ ಅವಧಿಯೇ ಸಭೆಯ ಜೀವಾಳ. ಮನವೊಲಿಕೆ, ಚೌಕಾಸಿ, ಒಮ್ಮೊಮ್ಮೆ ಕೈಹಿಡಿದು ಎಳೆಯುವುದು ಎಲ್ಲವೂ ಆಗ ನಡೆಯುತ್ತವೆ.

ಒಂದು ಕಲ್ಪಿತ ವಲಯವನ್ನು ತೆಗೆದುಕೊಳ್ಳಬಹುದು. ಹಾಜರಾದವರು 120, ಆರಿಸಬೇಕಾದ ಪ್ರತಿನಿಧಿಗಳು 5. ಗುಂಪು ಉಳಿಯಲು 18 ಜನ ಬೇಕು. ಮೊದಲ ಸುತ್ತಿನಲ್ಲಿ ‘ಅ’ಗೆ 44, ‘ಆ’ಗೆ 35, ‘ಇ’ಗೆ 22, ‘ಈ’ಗೆ 12, ‘ಉ’ಗೆ 7 ಮಂದಿ ಸೇರುತ್ತಾರೆ. ಕೊನೆಯ ಎರಡು ಗುಂಪುಗಳು ಉಳಿಯುವಂತಿಲ್ಲ. ಅವು ಒಂದಾದರೆ ‘ಈ’ಯ ಬಲ 19 ಆಗುತ್ತದೆ. ಗುಂಪಿನ ಸಂಖ್ಯೆಯನ್ನು ಪ್ರತಿನಿಧಿಗಳ ಸಂಖ್ಯೆಯಿಂದ ಗುಣಿಸಿ ಹಾಜರಿಯಿಂದ ಭಾಗಿಸಿ ಹತ್ತಿರದ ಪೂರ್ಣಾಂಕಕ್ಕೆ ತಂದರೆ ‘ಅ’ಗೆ 2, ಉಳಿದ ಮೂವರಿಗೆ ಒಂದೊಂದು. 44 ಜನರಿಗೆ ಇಬ್ಬರು, 35 ಜನರಿಗೂ ಒಬ್ಬ, 19 ಜನರಿಗೂ ಒಬ್ಬ! ಇನ್ನೊಂದು ಬಗೆಯಲ್ಲಿ, ‘ಈ’ಯ 12 ಜನ ‘ಆ’ ಗುಂಪಿಗೂ ‘ಉ’ವಿನ 7 ಜನ ‘ಇ’ ಗುಂಪಿಗೂ ಹೋದರೆ ಫಲಿತಾಂಶ 2, 2, 1. ಅಂದರೆ ಸೋತ 19 ಜನರ ನಡಿಗೆ ಐದನೆಯ ಪ್ರತಿನಿಧಿಯನ್ನು ನಿರ್ಧರಿಸುತ್ತದೆ. ಅತ್ತ ‘ಅ’ ಗುಂಪಿಗೆ ಇನ್ನೂ ಹತ್ತು ಜನ ಬಂದು ಸೇರಿದರೂ ಅದಕ್ಕೆ ಸಿಗುವುದು ಇಬ್ಬರೇ. ಭಾಗಲಬ್ಧಗಳು ಸಮವಾಗಿಬಿಟ್ಟರೆ ನಾಣ್ಯ ಚಿಮ್ಮಿಸುವುದು ನಿಯಮಸಮ್ಮತ. 2016ರಲ್ಲಿ ಹಿಲರಿ ಕ್ಲಿಂಟನ್ ಮತ್ತು ಬರ್ನಿ ಸ್ಯಾಂಡರ್ಸ್ ನಡುವಿನ ಅಂತರ ಶೇಕಡಾ ಕಾಲು ಭಾಗದಷ್ಟು ಮಾತ್ರ ಇದ್ದಾಗ ಆ ನಾಣ್ಯಗಳೇ ದೊಡ್ಡ ಸುದ್ದಿಯಾದವು.

ಇದಕ್ಕಿಂತ ಮುಖ್ಯವಾದ ಅಂಶವೊಂದಿದೆ. ವಲಯಕ್ಕೆ ಎಷ್ಟು ಪ್ರತಿನಿಧಿಗಳು ಎಂಬುದು ಆ ರಾತ್ರಿ ಬಂದ ಜನರನ್ನು ಅವಲಂಬಿಸಿಲ್ಲ. ಹಿಂದಿನ ಚುನಾವಣೆಗಳಲ್ಲಿ ಪಕ್ಷಕ್ಕೆ ಅಲ್ಲಿ ಬಿದ್ದ ಮತಗಳ ಆಧಾರದ ಮೇಲೆ ಅದು ಮೊದಲೇ ಗೊತ್ತಾಗಿರುತ್ತದೆ. ವಿಶ್ವವಿದ್ಯಾಲಯದ ಊರಿನಲ್ಲಿ ವಿದ್ಯಾರ್ಥಿಗಳು ಸಾಲುಗಟ್ಟಿ ಬಂದರೂ ಆ ವಲಯದ ಪಾಲು ಹೆಚ್ಚುವುದಿಲ್ಲ. ಹಳ್ಳಿಯ ಸಭೆಗೆ ಹತ್ತೇ ಜನ ಬಂದರೂ ಅದರ ಪಾಲು ಕುಗ್ಗುವುದಿಲ್ಲ. ಮತವನ್ನಲ್ಲದೆ ‘ರಾಜ್ಯ ಪ್ರತಿನಿಧಿ ಸಮಾನಾಂಕ’ವೆಂಬ ಕಲ್ಪಿತ ಮಾನವನ್ನು ಪಕ್ಷ ಪ್ರಕಟಿಸುತ್ತಿದ್ದುದು ಇದರಿಂದಲೇ. 2020ಕ್ಕೆ ಮೊದಲು ಎಷ್ಟು ಜನ ಯಾರ ಕಡೆಗಿದ್ದರೆಂಬ ಲೆಕ್ಕವನ್ನು ಪಕ್ಷ ಹೊರಗೆಡಹುತ್ತಲೇ ಇರಲಿಲ್ಲ.

2016ರ ಜಗಳದ ನಂತರ ಆ ಲೆಕ್ಕವನ್ನೂ ಕೊಡುವ ನಿರ್ಧಾರವಾಯಿತು. 2020ರ ಫೆಬ್ರವರಿ 3ರ ರಾತ್ರಿ ಪ್ರತಿಯೊಂದು ವಲಯವೂ ಮೊದಲ ಸುತ್ತು, ಕೊನೆಯ ಸುತ್ತು, ಸಮಾನಾಂಕ ಎಂಬ ಮೂರು ಲೆಕ್ಕಗಳನ್ನು ಒಪ್ಪಿಸಬೇಕಾಗಿತ್ತು. ವರದಿಗೆಂದು ರಚಿಸಿದ ಮೊಬೈಲ್ ತಂತ್ರಾಂಶ ಕೈಕೊಟ್ಟಿತು, ದೂರವಾಣಿಗಳು ಕಿಕ್ಕಿರಿದವು, ಆ ರಾತ್ರಿ ಒಂದೂ ಅಂಕಿ ಹೊರಬರಲಿಲ್ಲ. ದಿನಗಳ ನಂತರ ಬಂದ ಲೆಕ್ಕದಲ್ಲಿ ಸ್ಯಾಂಡರ್ಸ್ ಮೊದಲ ಸುತ್ತಿನಲ್ಲಿ ಸುಮಾರು 6,000, ಕೊನೆಯ ಸುತ್ತಿನಲ್ಲಿ ಸುಮಾರು 2,500 ಜನರಿಂದ ಮುಂದಿದ್ದರು. ಸಮಾನಾಂಕದಲ್ಲಿ ಪೀಟ್ ಬುಟಿಜೆಜ್ ಕೂದಲೆಳೆಯಷ್ಟು ಮುಂದಿದ್ದರು. ರಾಷ್ಟ್ರೀಯ ಪ್ರತಿನಿಧಿಗಳಲ್ಲಿ ಬುಟಿಜೆಜ್‌ಗೆ 14, ಸ್ಯಾಂಡರ್ಸ್‌ಗೆ 12. ಅಸೋಸಿಯೇಟೆಡ್ ಪ್ರೆಸ್ ವಿಜೇತರನ್ನು ಘೋಷಿಸಲು ನಿರಾಕರಿಸಿತು. ಎಲ್ಲರೂ ದೂರಿದ್ದು ತಂತ್ರಾಂಶವನ್ನು. ಆದರೆ ತಂತ್ರಾಂಶ ಸರಿಯಾಗಿ ನಡೆದಿದ್ದರೂ ಎರಡು ಲೆಕ್ಕಗಳು ಎರಡು ಹೆಸರನ್ನೇ ಹೇಳುತ್ತಿದ್ದವು. ಹಿಂದೆ ಒಂದೇ ಅಂಕಿಯನ್ನು ತೋರಿಸಿ ಮುಚ್ಚಿದ್ದ ಬಿರುಕು ಅಂದು ಕಾಣಿಸಿತು, ಅಷ್ಟೆ.

ರಿಪಬ್ಲಿಕನ್ ಪಕ್ಷದ ಸಭೆ ಸರಳ. ಭಾಷಣಗಳಾದ ಮೇಲೆ ಚೀಟಿಯಲ್ಲಿ ಹೆಸರು ಬರೆದು ಹಾಕುವ ಗುಪ್ತ ಮತದಾನ, ಎಣಿಕೆ, ಮುಗಿಯಿತು. ಆದರೆ 2012ರವರೆಗೆ ಆ ಮತಕ್ಕೂ ಪ್ರತಿನಿಧಿಗಳ ಆಯ್ಕೆಗೂ ಕಟ್ಟುನಿಟ್ಟಾದ ಸಂಬಂಧವೇ ಇರಲಿಲ್ಲ. ಆ ವರ್ಷದ ಜನವರಿ 3ರಂದು ಮಿಟ್ ರೋಮ್ನಿ 8 ಮತಗಳಿಂದ ಗೆದ್ದರೆಂದು ಘೋಷಿಸಲಾಯಿತು. ಎರಡು ವಾರಗಳ ಬಳಿಕ ರಿಕ್ ಸ್ಯಾಂಟೋರಮ್ 34 ಮತಗಳಿಂದ ಮುಂದಿದ್ದಾರೆಂದೂ, ಎಂಟು ವಲಯಗಳ ಲೆಕ್ಕ ಸಿಕ್ಕಲೇ ಇಲ್ಲವೆಂದೂ ತಿಳಿದುಬಂತು. ಆ ಹೊತ್ತಿಗೆ ಇಬ್ಬರಿಗೂ ಸಿಗಬೇಕಾದ ಲಾಭನಷ್ಟ ಸಿಕ್ಕಿಹೋಗಿತ್ತು. ನಿಜವಾದ ಆಯ್ಕೆ ನಡೆದದ್ದು ಬೇರೆಡೆಯಲ್ಲಿ. ಚೀಟಿ ಹಾಕಿ ಬಹುಪಾಲು ಜನ ಮನೆಗೆ ಹೊರಟ ಮೇಲೆ, ಮೂರನೆಯ ಸ್ಥಾನ ಪಡೆದಿದ್ದ ರಾನ್ ಪಾಲ್ ಬೆಂಬಲಿಗರು ಸಭೆಯಲ್ಲಿ ಉಳಿದು ಕೌಂಟಿ ಪ್ರತಿನಿಧಿಗಳಾಗಿ ಆರಿಸಿಬಂದರು. ಪ್ರತಿ ಹಂತದಲ್ಲೂ ಹಾಗೆಯೇ ಉಳಿದರು. ಆಗಸ್ಟಿನ ಟ್ಯಾಂಪಾ ಸಮಾವೇಶದಲ್ಲಿ ಅಯೋವಾದ 28 ಮತಗಳಲ್ಲಿ 22 ಪಾಲ್‌ಗೆ ಬಿದ್ದವು. ಇದನ್ನು ವಂಚನೆಯೆಂದು ಕರೆದವರಿದ್ದಾರೆ. ಆದರೆ ಅವರು ಮುರಿದ ನಿಯಮ ಒಂದೂ ಇಲ್ಲ. ಕಾಕಸ್ ಆರಿಸುವುದು ಪ್ರತಿನಿಧಿಯನ್ನು ಎಂಬ ಮಾತನ್ನು ಅಕ್ಷರಶಃ ತೆಗೆದುಕೊಂಡವರು ಅವರೊಬ್ಬರೇ. 2016ರಿಂದ ಪಕ್ಷ ಪ್ರತಿನಿಧಿಗಳನ್ನು ಅಂದಿನ ಮತಪ್ರಮಾಣಕ್ಕೆ ಬದ್ಧಗೊಳಿಸಿತು.

ಹಾಗೆ ಉಳಿದುಕೊಳ್ಳಬಲ್ಲವರು ಯಾರು ಎಂಬುದು ಈ ಪದ್ಧತಿಯ ಮೇಲಿನ ಅತ್ಯಂತ ಗಂಭೀರ ಆಕ್ಷೇಪ. ರಾತ್ರಿಪಾಳಿಯ ಕಾರ್ಮಿಕರು, ಹಸುಗೂಸಿನ ತಾಯಂದಿರು, ಹಿಮದ ಮೇಲೆ ನಡೆಯಲಾರದ ವೃದ್ಧರು, ಯಜಮಾನನ ಎದುರು ಬೇರೆ ಮೂಲೆಗೆ ಹೋಗಲು ಅಂಜುವವರು ಇವರಿಗೆ ಎರಡು ಗಂಟೆಯ ಬಹಿರಂಗ ಸಭೆ ಸುಲಭವಲ್ಲ. ಈ ಮಾತಿಗೆ ಸಾಕ್ಷ್ಯವಾಗಿ ಎರಡು ರಾಜ್ಯಗಳಿವೆ. 2016ರಲ್ಲಿ ವಾಷಿಂಗ್ಟನ್ ರಾಜ್ಯವೂ ನೆಬ್ರಾಸ್ಕವೂ ಡೆಮಾಕ್ರಟಿಕ್ ಕಾಕಸ್‌ಗಳನ್ನು ನಡೆಸಿ, ಮೇ ತಿಂಗಳಿನಲ್ಲಿ ಲೆಕ್ಕಕ್ಕೆ ಬಾರದ ಪ್ರೈಮರಿಗಳನ್ನೂ ನಡೆಸಿದವು. ಎರಡೂ ಕಡೆ ಕಾಕಸ್‌ನಲ್ಲಿ ಗೆದ್ದವರು ಸ್ಯಾಂಡರ್ಸ್. ಹೆಚ್ಚು ಜನ ಮತ ಹಾಕಿದ ಪ್ರೈಮರಿಯಲ್ಲಿ ಮುಂದಿದ್ದವರು ಕ್ಲಿಂಟನ್. ಪ್ರತಿನಿಧಿಗಳು ಹಂಚಿಕೆಯಾದದ್ದು ಕಾಕಸ್‌ನಂತೆ. ಟೆಕ್ಸಾಸಿನಲ್ಲಿ 2008ರಲ್ಲಿ ಒಂದೇ ದಿನ ಎರಡೂ ನಡೆದು, ಹಗಲಿನ ಪ್ರೈಮರಿಯನ್ನು ಕ್ಲಿಂಟನ್ ಗೆದ್ದರು, ರಾತ್ರಿಯ ಕಾಕಸ್‌ನ ಬಲದಿಂದ ಹೆಚ್ಚು ಪ್ರತಿನಿಧಿಗಳನ್ನು ಬರಾಕ್ ಒಬಾಮ ಪಡೆದರು.

ಕಾಕಸ್‌ನ ಪರವಾದ ವಾದವನ್ನು ಹಳೆಯ ಊರಭಿಮಾನವೆಂದು ತಳ್ಳಿಹಾಕಲಾಗದು. ಎರಡನೆಯ ಆಯ್ಕೆಯನ್ನು ಹೇಳಲು ಮತದಾರನಿಗೆ ಅವಕಾಶ ಕೊಡುವ ಕ್ರಮ ಪ್ರೈಮರಿಯಲ್ಲಿ ಅಪರೂಪ. ಹಣಬಲವಿಲ್ಲದ ಅಭ್ಯರ್ಥಿ ಅಡುಗೆಮನೆಗಳಲ್ಲಿ ಕುಳಿತು ಮಾತಾಡಿ ಮೇಲೆ ಬರಬಹುದು. ಸಭೆಗೆ ಬಂದವರಲ್ಲಿಯೇ ಮುಂದಿನ ಕಾರ್ಯಕರ್ತರು, ಸಮಿತಿಯ ಸದಸ್ಯರು ಸಿಗುತ್ತಾರೆ. ಪಕ್ಷದ ಕಾರ್ಯಸೂಚಿಗೆ ಸಾಮಾನ್ಯನೂ ಒಂದು ನಿರ್ಣಯವನ್ನು ಸೂಚಿಸಬಹುದು. ಮತಪೆಟ್ಟಿಗೆ ಇವುಗಳಲ್ಲಿ ಯಾವುದನ್ನೂ ಮಾಡದು. ಆದರೂ ವಾಷಿಂಗ್ಟನ್, ಕೊಲರಾಡೊ, ಮಿನ್ನೆಸೋಟ, ನೆಬ್ರಾಸ್ಕ ಮೊದಲಾದ ರಾಜ್ಯಗಳಲ್ಲಿ ಡೆಮಾಕ್ರಟಿಕ್ ಪಕ್ಷ 2020ರ ವೇಳೆಗೆ ಪ್ರೈಮರಿಗೆ ಹೊರಳಿತ್ತು.

2024ರಲ್ಲಿ ಡೆಮಾಕ್ರಟಿಕ್ ರಾಷ್ಟ್ರೀಯ ಸಮಿತಿ ಮೊದಲ ಸ್ಥಾನವನ್ನು ಸೌತ್ ಕ್ಯಾರೊಲಿನಾಕ್ಕೆ ಕೊಟ್ಟಿತು. ಅಯೋವಾದ ರಿಪಬ್ಲಿಕನ್ನರು ಜನವರಿ 15ರ ಕಡುಚಳಿಯಲ್ಲಿ ಎಂದಿನಂತೆ ಸೇರಿ ಮತ ಚಲಾಯಿಸಿದರು. ಬಂದವರು ಸುಮಾರು 1,10,000 ಮಂದಿ, 2016ರಲ್ಲಿ ಬಂದಿದ್ದ ಸುಮಾರು 1,86,000ಕ್ಕಿಂತ ಬಹಳ ಕಡಿಮೆ. ಅದೇ ರಾತ್ರಿ ಡೆಮಾಕ್ರಟರೂ ವಲಯ ಸಭೆಗಳಲ್ಲಿ ಸೇರಿದರು. ಆದರೆ ಅಲ್ಲಿ ನಡೆದದ್ದು ಪ್ರತಿನಿಧಿಗಳ, ಸಮಿತಿಗಳ ಆಯ್ಕೆಯಂತಹ ಪಕ್ಷದ ಕೆಲಸ ಮಾತ್ರ; ಅಧ್ಯಕ್ಷೀಯ ಅಭ್ಯರ್ಥಿಯ ಬಗೆಗಿನ ಒಲವನ್ನು ಸದಸ್ಯರು ಅಂಚೆಯ ಕಾರ್ಡಿನಲ್ಲಿ ಬರೆದು ಕಳುಹಿಸಿದರು, ಅದರ ಎಣಿಕೆ ಮಾರ್ಚ್ 5ರಂದು ಪ್ರಕಟವಾಯಿತು. ಮೂಲೆಗಳಲ್ಲಿ ನಿಂತು ಎಣಿಸಿಕೊಳ್ಳುವ ಕ್ರಮ ಆ ವರ್ಷ ಎರಡೂ ಪಕ್ಷಗಳ ಸಭೆಗಳಲ್ಲಿ ಇರಲಿಲ್ಲ.